ಖಾಲಿ ಜಾಗವನ್ನು ಖಾಲಿ ಮಾಡತಕ್ಕದ್ದು

"ನಿನ್ನ ಗಂಡನ ಚಡ್ಡಿ ಅಂದ್ಕೊಂಡು ಕಲ್ಲಿಗೆ ಹಾಕಿ ಬಡೀಬೇಡ, ಮುಂಡೆ. ಇದು ಊರಿನ ನಕ್ಷೆ. ನಾಳೆ ರಾಜ್ಯದೋರು ನೋಡೋದು."

ಪುರಸಭೆಯ ಗುಮಾಸ್ತ ಒಂದು ಕೈಯಲ್ಲಿ ಕರವಸ್ತ್ರವನ್ನು ಮೂಗಿಗೆ ಒತ್ತಿಕೊಂಡು, ಇನ್ನೊಂದು ಕೈಯಿಂದ ಬಟ್ಟೆಯ ದಪ್ಪ ಸುರುಳಿಯನ್ನು ಒಗೆಯುವ ಕಲ್ಲಿನ ಮೇಲೆ ಎಸೆದ. ಗಂಜಿಯಮ್ಮ ಮೊಣಕಾಲುದ್ದ ನೀರಿನಲ್ಲಿ ನಿಂತು ಯಾರದೋ ಮನೆಯ ಹೊದಿಕೆ ಹಿಂಡುತ್ತಿದ್ದಳು. ಅವನ ಮೂಗಿನ ಮೇಲಿದ್ದ ಕರವಸ್ತ್ರವನ್ನೂ ಹೋದ ವಾರ ಒಗೆದವಳು ಅವಳೇ. ಅದರ ಮೂಲೆಯಲ್ಲಿದ್ದ ಅವನ ಮನೆಯ ಗುರುತು, ಒಂದು ಕೊಕ್ಕೆ ಎರಡು ಚುಕ್ಕೆ, ಅಷ್ಟು ದೂರದಿಂದಲೇ ಅವಳಿಗೆ ಕಾಣುತ್ತಿತ್ತು.

ಮುಂಡೆ ಎಂಬ ಮಾತು ಅವಳಿಗೆ ಹೊಸದಲ್ಲ. ಗಂಡ ಪಕ್ಕದ ಕಲ್ಲಿನಲ್ಲಿ ಬಟ್ಟೆ ಬಡಿಯುತ್ತಿದ್ದ ಕಾಲದಿಂದಲೂ ಅದನ್ನು ಕೇಳಿಕೊಂಡೇ ಬಂದಿದ್ದಳು. ಆಗ ಅವನು ತಲೆಯೆತ್ತಿ, ನಾನಿನ್ನೂ ಇದ್ದೇನೆ ಸ್ವಾಮಿ, ಸ್ವಲ್ಪ ತಡೀರಿ, ಎಂದು ನಗುತ್ತಿದ್ದ. ಎಂಟು ತಿಂಗಳಿಂದ ಆ ಪಕ್ಕದ ಕಲ್ಲು ಒಣಗಿಕೊಂಡೇ ಬಿದ್ದಿತ್ತು. ಬೈಗುಳ ನಿಜವಾಗಿಬಿಟ್ಟಿತ್ತು. ನಿಜ ಆಡಿದವನಿಗೆ ಏನೆಂದು ಜವಾಬು ಕೊಡುವುದು? ಅವಳು ಹೊದಿಕೆಯನ್ನು ಬುಟ್ಟಿಗೆ ಹಾಕಿ, ಕೈ ಒರೆಸಿಕೊಂಡು, ಸುರುಳಿಯ ದಾರ ಬಿಚ್ಚಿದಳು.

ಇಬ್ಬರು ಮಲಗುವ ಹಾಸಿಗೆಗೆ ಹಾಸಬಹುದಾದಷ್ಟು ದೊಡ್ಡ ಬಟ್ಟೆ. ಅದರ ತುಂಬ ಗೆರೆ, ಚೌಕ, ಬಣ್ಣ, ಅಕ್ಷರ. ಗುಮಾಸ್ತ ಹೇಳಿದ ಪ್ರಕಾರ, ಮೊನ್ನೆ ಸಭೆಯಲ್ಲಿ ಅಧ್ಯಕ್ಷರು ಮೇಜಿನ ಮೇಲೆ ಇದನ್ನು ಹಾಸಿಕೊಂಡು ಊರಿನ ಭವಿಷ್ಯ ಚರ್ಚಿಸುತ್ತಿದ್ದಾಗ, ಇದರ ಮೇಲೆಯೇ ಇಟ್ಟಿದ್ದ ತಟ್ಟೆಯಿಂದ ಎಣ್ಣೆ ಚೆಲ್ಲಿತ್ತು.

"ಹಳದಿ ಕಲೆ ಪೂರ್ತಿ ಹೋಗ್ಬೇಕು. ಬೇರೆ ಒಂದು ಗೆರೆ ಮಾಸಿದ್ರೂ ಚರ್ಮ ಸುಲೀತೀನಿ," ಎಂದು ಹೇಳಿ, ಮಧ್ಯಾಹ್ನಕ್ಕೆ ಬರುತ್ತೇನೆಂದು ಅವನು ಹೊರಟ. ಹೊರಡುವಾಗ ಕಾಲುವೆ ದಂಡೆಯ ಕೆಸರಿನಲ್ಲಿ ಜಾರಿ, ಕೇರಿಯ ಹೆಂಗಸರೆಲ್ಲ ಒಟ್ಟಿಗೆ ಬೆನ್ನು ತಿರುಗಿಸಿ ಕೆಮ್ಮುವಂತೆ ಮಾಡಿದ.

ಗಂಜಿಯಮ್ಮನಿಗೆ ಅಕ್ಷರ ಬಾರದು. ಆದರೆ ಕಲೆಯನ್ನು ಅವಳಷ್ಟು ಚೆನ್ನಾಗಿ ಓದುವವರು ಆ ಊರಿನಲ್ಲಿ ಇರಲಿಲ್ಲ. ರಕ್ತದ ಕಲೆ, ಬೆವರಿನ ಕಲೆ, ಮದುವೆ ಮುರಿದ ಮನೆಯ ದಿಂಬಿನ ಕಲೆ, ಇಲ್ಲದ ಕಾಯಿಲೆಯ ನೆಪದಲ್ಲಿ ರಜೆ ಹಾಕಿದವನ ಅಂಗಿಯ ಮೇಲಿನ ಹುಲ್ಲಿನ ಕಲೆ, ಎಲ್ಲವೂ ಅವಳಿಗೆ ತಿಳಿಯುತ್ತಿತ್ತು, ಯಾರಿಗೂ ಹೇಳುತ್ತಿರಲಿಲ್ಲ. ನಕ್ಷೆಯ ಮೇಲೆ ಅವಳಿಗೆ ಎರಡು ಹಳದಿ ಕಂಡವು. ಒಂದು ಸಣ್ಣದು, ಅಂಚು ಹರಡಿ ಮಿರುಗುತ್ತಿದ್ದ ಎಣ್ಣೆ. ಇನ್ನೊಂದು ಎರಡು ಗೇಣು ಅಗಲದ್ದು, ಒಂದು ನೀಲಿ ಗೆರೆಯ ತಿರುವಿನಲ್ಲಿ ಕೂತದ್ದು. ಉಳಿದ ಬಣ್ಣಗಳೆಲ್ಲ ನೂಲಿನೊಳಕ್ಕೆ ಇಳಿದಿದ್ದವು. ಈ ದೊಡ್ಡ ಹಳದಿ ಮಾತ್ರ ಹಾಲಿನ ಕೆನೆಯಂತೆ ಮೇಲೆಯೇ ನಿಂತಿತ್ತು. ಉಗುರಿನಿಂದ ಕೆರೆದರೆ ಪುಡಿ ಬಂತು. ನೂಲಿಗೆ ಇಳಿಯದೆ ಮೇಲೆ ನಿಂತದ್ದು ಬಣ್ಣವಲ್ಲ, ಕೊಳೆ. ಅವಳ ಕಸುಬಿನಲ್ಲಿ ಇದಕ್ಕೆ ಎರಡು ಮಾತಿರಲಿಲ್ಲ.

ಎಣ್ಣೆಗೆ ಬಿಸಿನೀರು, ಸೋಡಾ, ಹೆಬ್ಬೆರಳಿನ ಉಜ್ಜು ಬೇಕಾಯಿತು. ದೊಡ್ಡ ಹಳದಿ ಎರಡು ಚೆಂಬು ತಣ್ಣೀರಿಗೇ ಕರಗಿ ಕಾಲುವೆ ಸೇರಿತು. ರಾಜ್ಯದವರು ನೋಡುವ ವಸ್ತು ಜೋತುಬಿದ್ದಿರಬಾರದೆಂದು ಅವಳು ಕೇಳದೆಯೇ ತೆಳ್ಳಗೆ ಗಂಜಿಯನ್ನೂ ಹಾಕಿದಳು. ಗಂಜಿ ಹಾಕುವುದರಲ್ಲಿ ಅವಳ ಕೈ ಅಂಥದ್ದು. ಅವಳ ಹೆಸರು ಏನೆಂಬುದನ್ನು ಆ ಕೈಯೇ ಊರಿಗೆಲ್ಲ ಮರೆಸಿಬಿಟ್ಟಿತ್ತು.

ನಕ್ಷೆ ಹಗ್ಗದ ಮೇಲೆ ಒಣಗುತ್ತಿದ್ದಾಗ ಸೊಸೆ ಬಂದಳು. ನಾಲ್ಕನೇ ತರಗತಿಯವರೆಗೆ ಓದಿದ ಹೆಣ್ಣು. ಕಂಕುಳಲ್ಲಿ ಮಗುವನ್ನು ಇಟ್ಟುಕೊಂಡೇ ಬೆರಳಿಟ್ಟು ಓದತೊಡಗಿದಳು. ಇದು ಆಸ್ಪತ್ರೆ, ಇದು ಶಾಲೆ, ಇದು ಮಾರುಕಟ್ಟೆ, ಈ ಹಸಿರೆಲ್ಲ ಚೆಂಡಾಟದ ಕ್ಲಬ್ಬು. ಸುದ್ದಿ ಹರಡಿ ಒಗೆಯುವವರ ಕೇರಿಯ ಅರವತ್ತೆರಡು ಮನೆಯವರೂ ಹಗ್ಗದ ಸುತ್ತ ಸೇರಿದರು. ಎಲ್ಲರಿಗೂ ತಮ್ಮನ್ನು ತಾವು ನಕ್ಷೆಯಲ್ಲಿ ನೋಡಿಕೊಳ್ಳುವ ಆಸೆ. ಗಂಜಿಯಮ್ಮನ ಮೈದುನ, ಇಸ್ತ್ರಿ ಮಾಡುವವನು, ಕೆಂಡದ ಪೆಟ್ಟಿಗೆಯನ್ನು ಹಾಗೆಯೇ ಬಿಟ್ಟು ಬಂದು, ನಮ್ಮ ಮನೆ ಕಂಡರೆ ಸೂರು ಸೋರುವ ಜಾಗ ಎಲ್ಲಿದೆ ನೋಡು, ನನಗೆ ಇನ್ನೂ ಸಿಕ್ಕಿಲ್ಲ, ಎಂದ.

ಕಾಲುವೆ ಸಿಕ್ಕಿತು. ಕಾಲುವೆಯ ತಿರುವೂ ಸಿಕ್ಕಿತು. ಅಲ್ಲಿ ಮನೆಗಳಿರಲಿಲ್ಲ. ಒಗೆಯುವ ಕಲ್ಲುಗಳಿರಲಿಲ್ಲ. ಹಳದಿ ತೊಳೆದುಹೋದ ಬಿಳಿಯ ಮೇಲೆ ಅಚ್ಚಾದ ಅಕ್ಷರಗಳಿದ್ದವು. ಸೊಸೆ ಎರಡು ಸಲ ಮನಸ್ಸಿನಲ್ಲೇ ಓದಿಕೊಂಡು ಆಮೇಲೆ ಬಾಯಿ ಬಿಟ್ಟಳು.

"ಖಾಲಿ ಜಾಗ ಅಂತಿದೆ, ಅತ್ತೆ. ಕೆಳಗಡೆ, ಬಡವರ ಮನೆಗಳಿಗಾಗಿ ಗುರುತಿಸಿದ್ದು, ಮುನ್ನೂರು, ಅಂತಿದೆ."

ಆಗ ಎಲ್ಲರಿಗೂ ಹದಿನೈದು ದಿನದ ಹಿಂದಿನ ಚೀಟಿ ನೆನಪಾಯಿತು. ಕೇರಿಯ ಬಾಯಲ್ಲಿದ್ದ ಮರಕ್ಕೆ ಪುರಸಭೆಯವರು ಅದನ್ನು ಅಂಟಿಸಿ ಹೋಗಿದ್ದರು. ಖಾಲಿ ಜಾಗವನ್ನು ಮೂವತ್ತು ದಿನದೊಳಗೆ ಖಾಲಿ ಮಾಡತಕ್ಕದ್ದು ಎಂದು ಬರೆದಿತ್ತು. ಸೊಸೆ ಓದಿ ಹೇಳಿದಾಗ ಕೇರಿ ಎರಡು ದಿನ ನಕ್ಕಿತ್ತು. ಖಾಲಿಯನ್ನು ಹೇಗಪ್ಪಾ ಖಾಲಿ ಮಾಡುವುದು, ಹಸಿದವನಿಗೆ ಉಪವಾಸ ಮಾಡು ಅಂದ ಹಾಗಾಯಿತು, ಎಂದಿದ್ದ ಮೈದುನ. ಆಮೇಲೆ ಹಿರಿಯರು ಕೂತು ಯೋಚಿಸಿ ಅರ್ಥ ಮಾಡಿಕೊಂಡರು. ಕಾಲುವೆಯ ಆಚೆ ದಡದಲ್ಲಿ ಯಾರಿಗೂ ಬೇಡದ ಒಂದು ತುಂಡು ನೆಲವಿತ್ತು. ಊರಿನವರು ಒಡೆದ ಕುರ್ಚಿ, ಹರಿದ ಹಾಸಿಗೆ ಎಲ್ಲ ತಂದು ಸುರಿಯುವುದು ಅಲ್ಲಿಗೇ. ಖಾಲಿ ಜಾಗ ಎಂದರೆ ಅದೇ, ಅದನ್ನು ಚೊಕ್ಕಟ ಮಾಡಿ ಎಂದು ಸರ್ಕಾರ ಹೇಳುತ್ತಿದೆ. ಒಂದು ರಜೆಯ ದಿನ ಅರವತ್ತೆರಡು ಮನೆಯವರೂ ಸೇರಿ ಆ ಕಸವನ್ನೆಲ್ಲ ಹೊತ್ತು ಹಾಕಿ, ಗುಡಿಸಿ, ನೀರು ಚಿಮುಕಿಸಿ ಬಂದಿದ್ದರು. ಯಾರಾದರೂ ಬಂದು ಭೇಷ್ ಎನ್ನುತ್ತಾರೆಂದು ಕಾದಿದ್ದರು.

ಈಗ ಯಾರೂ ನಗಲಿಲ್ಲ.

"ಬೋಳಿಮಕ್ಳು," ಎಂದ ಮೈದುನ. "ಅವರ ಬೆವರು, ಅವರ ಎಂಜಲು, ಅವರ ಹೆಂಡ್ತೀರ ಮುಟ್ಟು, ಎಲ್ಲಾ ತೊಳೆಯೋಕೆ ನಾವಿದ್ದೀವಿ. ನಕ್ಷೇಲಿ ಮಾತ್ರ ಇಲ್ಲ."

ಹೇಳಿದ ಹೊತ್ತಿಗೆ ಸರಿಯಾಗಿ ಗುಮಾಸ್ತ ಬಂದ. ನಕ್ಷೆಯನ್ನು ನೋಡಿದ. ಎಣ್ಣೆಯ ಜಾಗ ನೋಡಿ ತಲೆದೂಗಿದ. ಆಮೇಲೆ ಕಾಲುವೆಯ ತಿರುವಿನ ಕಡೆ ಅವನ ಕಣ್ಣು ಹೋಯಿತು. ಮೂಗಿನ ಮೇಲಿನ ಕರವಸ್ತ್ರ ತಾನಾಗಿ ಕೆಳಗಿಳಿಯಿತು.

"ಹಳದಿ ಎಲ್ಲಿ?"

"ಹೋಯ್ತು ಸ್ವಾಮಿ. ಹಳದಿ ಪೂರ್ತಿ ಹೋಗ್ಬೇಕು ಅಂದ್ರಲ್ಲ."

"ಎಣ್ಣೆ ಹಳದಿ ಕಣೇ, ದರಿದ್ರದವಳೆ. ಸರ್ಕಾರದ ಹಳದಿ ಅಲ್ಲ."

"ನನಗೇನು ಗೊತ್ತು ಸ್ವಾಮಿ," ಎಂದಳು ಗಂಜಿಯಮ್ಮ. "ಸರ್ಕಾರದ್ದು ಇನ್ನೂ ಗಟ್ಟಿಯಾಗಿರ್ತದೆ ಅಂದ್ಕೊಂಡಿದ್ದೆ."

ನಕ್ಷೆಯನ್ನೂ ಅವಳನ್ನೂ ಒಟ್ಟಿಗೆ ಪುರಸಭೆಗೆ ಎಳೆದುಕೊಂಡು ಹೋದರು. ಯೋಜನಾಧಿಕಾರಿಯ ಕೋಣೆಯ ನೆಲಕ್ಕೆ ಅಂದೇ ಹೊಳಪು ಹಾಕಿದ್ದರಿಂದ ಅವಳು ಹೊಸಿಲಿನ ಹೊರಗೇ ನಿಲ್ಲಬೇಕಾಯಿತು. ಒಳಗೆ ಅಧ್ಯಕ್ಷರು ಕುರ್ಚಿಯಲ್ಲಿ ಕೂತಿದ್ದರು. ಅವರು ತೊಟ್ಟಿದ್ದ ಬಿಳಿ ಅಂಗಿಯ ಕಾಲರಿಗೆ ಹಾಕಿದ ಗಂಜಿ ಅವಳದೇ. ಅದು ಅವರ ಕತ್ತನ್ನು ಎಷ್ಟು ನೆಟ್ಟಗೆ ನಿಲ್ಲಿಸಿತ್ತೆಂದರೆ, ಬಾಗಿಲ ಕಡೆ ತಿರುಗಬೇಕಾದರೆ ಇಡೀ ಮೈಯನ್ನೇ ತಿರುಗಿಸಬೇಕಾಗಿತ್ತು.

ಯೋಜನಾಧಿಕಾರಿ ಚಿಕ್ಕ ವಯಸ್ಸಿನವನು, ಸಾಲಾಗಿ ಜೋಡಿಸಿದ ಪೆನ್ಸಿಲುಗಳ ಹಿಂದೆ ಕೂತವನು. ಅವನು ಬೈಯಲಿಲ್ಲ. ವಿವರಿಸಿದ. ಅದು ಬೈಗುಳಕ್ಕಿಂತ ಉದ್ದವಾಗಿತ್ತು. ರಾಜ್ಯ ಹೊಸ ಕಾಯ್ದೆ ಮಾಡಿದೆ. ಪ್ರತಿ ಊರೂ ತನ್ನ ನೆಲವನ್ನು ಯಾವುದಕ್ಕೆ ಬಳಸುತ್ತದೆಂದು ನಕ್ಷೆ ಮಾಡಿ ಒಪ್ಪಿಸಬೇಕು. ಅದರಲ್ಲಿ ಬಡವರ ಮನೆಗಳಿಗೆಂದು ಇಷ್ಟು ಜಾಗವನ್ನು ಹಳದಿಯಲ್ಲಿ ತೋರಿಸಲೇಬೇಕು. ತೋರಿಸದಿದ್ದರೆ ರಾಜ್ಯವೇ ಬಂದು ತನಗೆ ಸರಿಕಂಡ ಜಾಗಕ್ಕೆ ಹಳದಿ ಬಳಿಯುತ್ತದೆ. ಆ ಭಯಕ್ಕೆ ಪುರಸಭೆ ಎರಡು ವರ್ಷ ಹಳದಿಯನ್ನು ಹಿಡಿದುಕೊಂಡು ಊರೆಲ್ಲ ಸುತ್ತಿತ್ತು. ಕ್ಲಬ್ಬಿನ ಬಯಲಿನ ಪಕ್ಕ ಎಂದರೆ, ಪಾಪ ಬಡವರ ತಲೆಗೆ ಚೆಂಡು ಬಿದ್ದೀತು ಎಂದು ಕ್ಲಬ್ಬಿನವರು ಮರುಗಿದರು. ದೊಡ್ಡ ಮನೆಗಳ ಬೀದಿಯ ಹಿಂದೆ ಎಂದರೆ, ಅಲ್ಲಿನ ಗಾಳಿ ಬಡವರಿಗೆ ಒಗ್ಗುವುದಿಲ್ಲವೆಂದು ಒಬ್ಬ ವೈದ್ಯರು ಬರೆದುಕೊಟ್ಟರು. ಶಾಲೆಯ ಹತ್ತಿರ ಎಂದರೆ, ಅವರ ಮಕ್ಕಳು ಶಾಲೆಗೆ ಬಂದುಬಿಟ್ಟಾರು ಎಂದು ಇನ್ನಾರೋ ಬಾಯಿ ತಪ್ಪಿ ನಿಜವನ್ನೇ ಆಡಿದರು. ಕೊನೆಗೆ ಯಾರೂ ತಕರಾರು ಮಾಡದ ಜಾಗ ಒಂದೇ ಒಂದು ಉಳಿಯಿತು. ಕಾಲುವೆಯ ತಿರುವು.

ತಕರಾರು ಹೇಗೆ ಮಾಡುವುದೆಂದು ಗಂಜಿಯಮ್ಮ ಕೇಳಿದಳು. ಅದಕ್ಕೆ ಒಂದು ಅರ್ಜಿ ಇತ್ತು. ನಾಳೆಯ ಸಭೆಯವರೆಗೂ ಕೊಡಬಹುದಿತ್ತು. ಅರ್ಜಿಯ ಮೊದಲ ಸಾಲಿನಲ್ಲಿ ಮನೆಯ ನಂಬರು ಬರೆಯಬೇಕಿತ್ತು. ಖಾಲಿ ಜಾಗಕ್ಕೆ ಮನೆ ನಂಬರು ಇರುವುದಿಲ್ಲವೆಂದು ಯೋಜನಾಧಿಕಾರಿ ತಿಳಿಸಿದ.

"ನಾವು ಅಲ್ಲಿದ್ದೀವಲ್ಲ ಸ್ವಾಮಿ."

"ಇದ್ದೀರಿ," ಎಂದ ಅವನು. "ಯಾರು ಇಲ್ಲ ಅಂದ್ರು? ದಾಖಲೇಲಿ ಇಲ್ಲ, ಅಷ್ಟೇ."

ಅಧ್ಯಕ್ಷರು ಇಡೀ ಮೈ ತಿರುಗಿಸಿದರು. ಅವರದು ಮೆದು ಸ್ವರ.

"ನೋಡಮ್ಮ, ಈ ಕಾಯ್ದೆ ಬಂದಿರೋದೇ ನಿಮ್ಮಂಥವರಿಗೋಸ್ಕರ. ಮುನ್ನೂರು ಬಡವರಿಗೆ ಮನೆ ಅಂದ್ರೆ ನಿನಗೆ ಸಂತೋಷ ಆಗಲ್ವಾ?"

"ಆಗ್ತದೆ ಸ್ವಾಮಿ. ಆ ಮನೆ ನಮಗೆ ಸಿಗ್ತದಾ?"

ಯೋಜನಾಧಿಕಾರಿ ಪುಸ್ತಕ ತಿರುವಿದ. ಊರಿನಲ್ಲಿ ಹತ್ತು ವರ್ಷ ವಾಸವಿದ್ದ ದಾಖಲೆ ಇರುವ ಬಡವರಿಗೆ ಮಾತ್ರ ಸಿಗುತ್ತದೆ. ಗಂಜಿಯಮ್ಮ ಆ ಕಾಲುವೆಯ ಪಕ್ಕಕ್ಕೆ ಮದುವೆಯಾಗಿ ಬಂದು ನಲವತ್ತು ವರ್ಷ. ಅದು ದಾಖಲೆಯಲ್ಲ, ನೆನಪು, ಎಂದ ಅವನು. ಹಾಗಾದರೆ ದಾಖಲೆ ಇರುವ ಬಡವರು ಎಷ್ಟು ಜನ ಇದ್ದಾರೆಂದು ಅವಳು ಕೇಳಿದಳು. ಆ ಪ್ರಶ್ನೆ ಅವನನ್ನು ಈ ಮುಂಚೆ ಯಾರೂ ಕೇಳಿರಲಿಲ್ಲ. ಪೆನ್ಸಿಲುಗಳನ್ನು ಸರಿಮಾಡಿದ.

"ಯಾವಾಗ ಕಟ್ತೀರಿ ಸ್ವಾಮಿ?"

"ಕಟ್ಟೋದಾ?" ಅವನಿಗೆ ನಿಜವಾಗಿಯೂ ಆಶ್ಚರ್ಯವಾಗಿತ್ತು. "ಕಾಯ್ದೆ ಜಾಗ ತೋರಿಸಿ ಅಂತ ಹೇಳಿದೆ. ಕಟ್ಟಿ ಅಂತ ಎಲ್ಲಿ ಹೇಳಿದೆ? ಸದ್ಯಕ್ಕೆ ಬೇಲಿ ಹಾಕಿ ಕಾವಲಿಗೆ ಜನ ಇಡ್ತೀವಿ. ಇಲ್ದಿದ್ರೆ ಬಡವರು ಬಂದು ಸೇರ್ಕೊಂಡ್ಬಿಡ್ತಾರೆ."

ಹೊಸಿಲಿನ ಹೊರಗೆ ಗಂಜಿಯಮ್ಮ ಕಣ್ಣು ಮುಚ್ಚಿದಳು. ಗಂಡ ಹೋದ ದಿನದಿಂದ ಅವಳು ದೇವರೊಡನೆ ಹೆಚ್ಚು ಮಾತಾಡುತ್ತಿರಲಿಲ್ಲ. ಕೈಮುಗಿಯುತ್ತಿದ್ದಳು, ಅಷ್ಟೇ. ಆ ಹೊತ್ತು ಮಾತ್ರ ಒಂದು ಮಾತು ಕೇಳಿದಳು. ಸ್ವಾಮಿ, ನಿನ್ನ ಪುಸ್ತಕದಲ್ಲಾದರೂ ಇದ್ದೀವಾ?

ಒಳಗೆ ಮಾತು ಮುಂದಕ್ಕೆ ಹೋಗಿತ್ತು. ಬಣ್ಣ ಅಳಿಸಿಹೋಗದಂತೆ ಇರಬೇಕೆಂದು ರಾಜ್ಯದ ಸುತ್ತೋಲೆಯಲ್ಲಿ ಸ್ಪಷ್ಟವಾಗಿತ್ತು. ಕೊನೆಯ ದಿನದ ಅವಸರದಲ್ಲಿ ಯೋಜನಾಧಿಕಾರಿಯೇ ತನ್ನ ಮಗಳ ಬಣ್ಣದ ಪೆಟ್ಟಿಗೆಯಿಂದ ಹಳದಿ ಬಳಿದಿದ್ದ. ಈಗ ಅದು ಗೊತ್ತಾದರೆ ಕಷ್ಟ. ಆಗ ಗುಮಾಸ್ತನಿಗೆ ಹೊಳೆಯಿತು. ಒಗೆಯುವವರು ಬಟ್ಟೆಯ ಮೂಲೆಗೆ ಗುರುತು ಹಾಕುವ ಮಸಿ ಇದೆಯಲ್ಲ, ಕುದಿಸಿದರೂ ಹೋಗದ್ದು? ಅವನು ಸಾಕ್ಷಿಗೆ ತನ್ನ ಕರವಸ್ತ್ರವನ್ನು ತೋರಿಸಿದ. ಅಧ್ಯಕ್ಷರು ತಮ್ಮ ಅಂಗಿಯ ಅಂಚನ್ನು ಹೊರಗೆಳೆದು ನೋಡಿಕೊಂಡರು. ಅಲ್ಲಿಯೂ ಇತ್ತು, ಒಂದು ಬಾಚಣಿಗೆ, ಮೇಲೆ ಒಂದು ಗೆರೆ. ಎಷ್ಟೋ ವರ್ಷದಿಂದ ತಮ್ಮ ಹೊಟ್ಟೆಗೆ ಅಂಟಿಕೊಂಡಿದ್ದ ಆ ಗುರುತನ್ನು ಅವರು ಅಂದೇ ಮೊದಲು ನೋಡಿದ್ದು.

ಹಾಗೆ ತೀರ್ಮಾನವಾಯಿತು. ಗಡಿಯನ್ನು ಕಪ್ಪು ಮಸಿಯಲ್ಲಿ ಹಾಕುವುದು, ಒಳಗೆ ಗಟ್ಟಿ ಹಳದಿ ತುಂಬುವುದು. ಯೋಜನಾಧಿಕಾರಿ ಹಳದಿ ಪುಡಿಯ ಪೊಟ್ಟಣ ತರಿಸಿ, ಪೆನ್ಸಿಲಿನಲ್ಲಿ ಗಡಿ ಎಳೆದುಕೊಟ್ಟ. ನಕ್ಷೆ ಅವಳ ತಲೆಯ ಮೇಲೆ ಮತ್ತೆ ಕಾಲುವೆಗೆ ಹೊರಟಿತು.

"ಒಂದ್ಸಲ ಹಾಕಿದ್ರೆ ಹೋಗಲ್ಲ ಸ್ವಾಮಿ," ಎಂದಳು ಅವಳು ಹೊರಡುವ ಮುಂಚೆ. "ಯೋಚ್ನೆ ಮಾಡಿ ಹೇಳಿ."

"ಹೋಗ್ಬಾರದು ಅಂತಾನೇ ಹೇಳ್ತಿರೋದು," ಎಂದರು ಅಧ್ಯಕ್ಷರು.

ಕೇರಿಯಲ್ಲಿ ಎಲ್ಲರೂ ಕೆಲಸ ಬಿಟ್ಟು ಕಾದಿದ್ದರು. ಅವಳು ಹೇಳಿದ್ದನ್ನೆಲ್ಲ ಕೇಳಿದ ಮೇಲೆ ಮೈದುನ ಮಸಿಯ ಕುಡಿಕೆ ತಂದು ಅವಳ ಮುಂದಿಟ್ಟ.

"ಅತ್ತಿಗೆ, ಹಳದೀನ ಕ್ಲಬ್ಬಿನ ಮೇಲೆ ಬಳಿದುಬಿಡು. ಚೆಂಡು ಆಡೋ ಸೂಳೆಮಕ್ಳಿಗೆ ಒಂದ್ಸಲ ಚಡ್ಡಿ ಒದ್ದೆಯಾಗ್ಲಿ."

ಕೇರಿ ಹೋ ಎಂದಿತು. ಸೊಸೆಗೆ ಅದೂ ಸಾಲದಾಗಿತ್ತು, ಸುಟ್ಟು ಹಾಕೋಣ, ಹಂಡೆಯ ಕೆಳಗಿನ ಬೆಂಕಿ ಇನ್ನೂ ಆರಿಲ್ಲ, ಎಂದಳು. ಗಂಜಿಯಮ್ಮ ಎರಡಕ್ಕೂ ಒಪ್ಪಲಿಲ್ಲ. ನಾನೂರು ಮನೆಯ ಗುರುತುಗಳನ್ನು ಗಂಡ ತಲೆಯಲ್ಲಿ ಇಟ್ಟುಕೊಂಡಿದ್ದ. ಕೊನೆಯ ಜ್ವರದಲ್ಲಿಯೂ ಒಂದೊಂದಾಗಿ ಅವಳಿಗೆ ಒಪ್ಪಿಸಿದ್ದ. ಈ ನಲವತ್ತು ವರ್ಷದಲ್ಲಿ ಒಬ್ಬರ ಬಟ್ಟೆಯ ಮೇಲೆ ಇನ್ನೊಬ್ಬರ ಗುರುತು ಬಿದ್ದದ್ದಿಲ್ಲ, ಒಬ್ಬರ ಮನೆಯ ಕಾಲುಚೀಲ ಇನ್ನೊಬ್ಬರ ಮನೆಗೆ ಹೋದದ್ದಿಲ್ಲ.

"ಸುಳ್ಳು ಗುರುತು ಹಾಕೋದು ಅವರ ಕಸುಬು," ಎಂದಳು. "ಯಾವ್ದು ಯಾರದ್ದೋ ಅದಕ್ಕೆ ಅವರ ಗುರುತು ಹಾಕ್ಬೇಕು. ಈ ಜಾಗ ಯಾರದ್ದು? ಅವರ ಗುರುತು ಹಾಕ್ತೀನಿ."

ಅಲ್ಲಿಯೇ ತೊಡಕಾಯಿತು. ಊರಿಗೆಲ್ಲ ಗುರುತು ಇತ್ತು, ಒಗೆಯುವವರಿಗೆ ಇರಲಿಲ್ಲ. ತಮ್ಮ ಬಟ್ಟೆ ತಮಗೇ ಗೊತ್ತಾಗುತ್ತಿತ್ತು, ಊರಿನದಲ್ಲದ ಹರುಕೆಲ್ಲ ತಮ್ಮದು. ಹಾಗಾಗಿ ಆ ಸಂಜೆ ಕಾಲುವೆ ದಂಡೆಯಲ್ಲಿ ಅರವತ್ತೆರಡು ಮನೆಗಳು ಕೂತು ತಮಗೊಂದು ಗುರುತು ಹುಡುಕಿಕೊಂಡವು. ಅದು ಹೆಸರಿಡುವುದಕ್ಕಿಂತ ದೊಡ್ಡ ಗಲಾಟೆಯಾಯಿತು. ಮೈದುನ ಇಸ್ತ್ರಿ ಪೆಟ್ಟಿಗೆ ಕೇಳಿದ, ಅದನ್ನು ಇನ್ನೊಬ್ಬನೂ ಕೇಳಿದ್ದರಿಂದ ಇವನಿಗೆ ಹೊಗೆ ಬರುವ ಪೆಟ್ಟಿಗೆ, ಅವನಿಗೆ ಬರದ ಪೆಟ್ಟಿಗೆ ಎಂದಾಯಿತು. ಮಾತು ಬಾರದ ಹೆಂಗಸೊಬ್ಬಳು ಹಕ್ಕಿಯ ಹೆಜ್ಜೆಯನ್ನು ಕೆಸರಿನಲ್ಲಿ ಬರೆದು ತೋರಿಸಿದಳು. ಇಬ್ಬರು ಅಣ್ಣತಮ್ಮಂದಿರು ಮಾತು ಬಿಟ್ಟು ಆರು ವರ್ಷವಾಗಿತ್ತು, ಗುರುತಿಗಾಗಿ ಮತ್ತೆ ಜಗಳ ತೆಗೆದು, ಜಗಳಕ್ಕಾಗಿ ಮಾತಾಡಿಬಿಟ್ಟರು. ಗಂಜಿಯಮ್ಮ ಸೂಜಿಯ ಮೊನೆಯಿಂದ ಒಂದೊಂದನ್ನೇ ಹಾಕಿದಳು, ಯಾರ ಮನೆ ಎಲ್ಲಿದೆಯೋ ಅಲ್ಲಿಯೇ.

ತನ್ನ ಮನೆಗೆ ಒಂದು ಚೆಂಬು ಬರೆದಳು. ಅದರ ಪಕ್ಕದಲ್ಲಿ, ಒಗೆಯುವ ಕಲ್ಲಿನ ಜಾಗದಲ್ಲಿ, ಇನ್ನೊಂದು ಸಣ್ಣ ಚೆಂಬು ಬರೆದಳು. ಸತ್ತವನ ಲೆಕ್ಕ ನಡೆಯುತ್ತದೆಯೇ ಎಂದು ಹಿರಿಯನೊಬ್ಬ ಮೆಲ್ಲಗೆ ಕೇಳಿದ.

"ಅವರ ದಾಖಲೇಲಿ ನಾನೂ ಅವನೂ ಒಂದೇ," ಎಂದಳು ಅವಳು. "ಇರ್ಲಿ ಬಿಡು."

ಹಳದಿ ಪುಡಿಯ ಪೊಟ್ಟಣವನ್ನು ಬಿಚ್ಚಲೇ ಇಲ್ಲ.

ಮರುದಿನ ಬೆಳಿಗ್ಗೆ ಅವಳು ಒಪ್ಪಿಸಿದ ಸುರುಳಿಯನ್ನು ಗುಮಾಸ್ತ ಬಿಚ್ಚಿ ನೋಡಲಿಲ್ಲ. ಅವನಿಗೆ ಹೂಗುಚ್ಛ, ಕುರ್ಚಿ, ಸಭಾಂಗಣದ ಬಾಗಿಲಿಗೆ ಕಟ್ಟುವ ಕೆಂಪು ಪಟ್ಟಿ, ಅದನ್ನು ಕತ್ತರಿಸಲು ಕತ್ತರಿ, ಇವುಗಳ ಚಿಂತೆ ಹತ್ತಿತ್ತು. ಸಭಾಂಗಣದ ಗೋಡೆಗಳ ಮೇಲೆ ಹಿಂದಿನ ಅಧ್ಯಕ್ಷರುಗಳ ಚಿತ್ರಗಳೇ ತುಂಬಿದ್ದರಿಂದ, ನಕ್ಷೆಯನ್ನು ಕೋಣೆಯ ನಡುವೆ ಹಗ್ಗ ಕಟ್ಟಿ ಪರದೆಯಂತೆ ಇಳಿಬಿಟ್ಟರು. ಸಾರ್ವಜನಿಕರು ಬರಬಹುದೆಂದು ಕಾಯ್ದೆಯಲ್ಲಿತ್ತು. ಕೇರಿಯವರು ಬಂದರು. ಕಾವಲಿನವನು ಚಪ್ಪಲಿ ಹೊರಗೆ ಬಿಡಿ ಎಂದ. ಬಿಡಲು ಹೆಚ್ಚಿನವರಿಗೆ ಚಪ್ಪಲಿಯೇ ಇರಲಿಲ್ಲ.

ರಾಜ್ಯದ ತಪಾಸಣಾಧಿಕಾರಿ ಹೆಂಗಸು, ಕನ್ನಡಕದವಳು, ದಣಿದವಳು. ಆ ವಾರ ಅವಳು ಒಂಬತ್ತು ಊರು ನೋಡಬೇಕಿತ್ತು, ಇದು ಏಳನೆಯದು. ಪಟ್ಟಿ ಕತ್ತರಿಸಿ, ಹೂಗುಚ್ಛವನ್ನು ಇನ್ನೊಬ್ಬರ ಕೈಗೆ ದಾಟಿಸಿ, ಅಚ್ಚಾದ ನಮೂನೆಯನ್ನು ತೆಗೆದು ಒಂದೊಂದೇ ಅಂಕಣಕ್ಕೆ ಟಿಕ್ ಹಾಕುತ್ತ ಬಂದಳು. ಬಡವರ ಮನೆಗಳ ಅಂಕಣಕ್ಕೆ ಬಂದಾಗ ನಕ್ಷೆಗೆ ಹತ್ತಿರವಾದಳು.

"ಹಳದಿ ಕಾಣ್ತಿಲ್ಲ. ಇದೇನ್ರಿ, ಇರುವೆ ಹತ್ತಿದ ಹಾಗಿದೆ?"

ಅಧ್ಯಕ್ಷರು ಮೈ ತಿರುಗಿಸಿ ನೋಡಿದರು. ಯೋಜನಾಧಿಕಾರಿ ನೋಡಿದ. ಗುಮಾಸ್ತ ನೋಡಬೇಕಾಗಿಯೇ ಇರಲಿಲ್ಲ, ಅವನು ಗಂಜಿಯಮ್ಮನ ಮುಖವನ್ನು ನೋಡಿದ್ದ.

"ಕಲೆ, ಮೇಡಂ," ಎಂದರು ಅಧ್ಯಕ್ಷರು. "ಒಗೆಯೋಳ ಅಚಾತುರ್ಯ. ಈಗಲೇ ತೆಗೆಸ್ತೀವಿ."

"ಅದು ಹೋಗಲ್ಲ ಸ್ವಾಮಿ," ಎಂದಳು ಗಂಜಿಯಮ್ಮ ಹಿಂದಿನ ಸಾಲಿನಿಂದ. "ಹೋಗಬಾರದು ಅಂತ ನೀವೇ ಹಾಕಿಸಿದ್ದು. ಮೇಡಂ, ಅದು ಇರುವೆ ಅಲ್ಲ. ಒಂದೊಂದೂ ಒಂದೊಂದು ಮನೆ."

ತಪಾಸಣಾಧಿಕಾರಿ ನಮೂನೆಯನ್ನು ನೋಡಿದಳು. ಅಲ್ಲಿ ಒಂದು ಅಂಕಣವಿತ್ತು, ಗುರುತಿಸಿದ ಜಾಗದಲ್ಲಿ ಸದ್ಯ ವಾಸವಿರುವವರ ಸಂಖ್ಯೆ. ಪುರಸಭೆ ಅದರಲ್ಲಿ ಸೊನ್ನೆ ಬರೆದಿತ್ತು. ಹೌದೇ ಎಂದು ಅವಳು ಯೋಜನಾಧಿಕಾರಿಯನ್ನು ಕೇಳಿದಳು. ದಾಖಲೆಯ ಪ್ರಕಾರ ಹೌದು, ಎಂದ ಅವನು. ನಕ್ಷೆಯ ಪ್ರಕಾರ ಅಲ್ಲವಲ್ಲ, ಎಂದಳು ಅವಳು. ನಕ್ಷೆಯೂ ನಮೂನೆಯೂ ಒಂದಕ್ಕೊಂದು ಹೊಂದದಿದ್ದರೆ ತಾನು ಸಹಿ ಹಾಕುವಂತಿಲ್ಲ, ಎರಡರಲ್ಲಿ ಯಾವುದನ್ನಾದರೂ ಸರಿಪಡಿಸಿ, ಬೇಗ, ಎಂಟನೆಯ ಊರಿಗೆ ಹೊತ್ತಾಗುತ್ತದೆ.

ಅಧ್ಯಕ್ಷರ ಸಹಿ ಬಿದ್ದ ನಮೂನೆಯನ್ನು ತಿದ್ದುವುದು ಅಪರಾಧವಾಗುತ್ತಿತ್ತು. ಯೋಜನಾಧಿಕಾರಿ ಮೇಜಿನ ಮೇಲಿನ ಕತ್ತರಿ ತೆಗೆದುಕೊಂಡ. ತಾನೇ ಪೆನ್ಸಿಲಿನಲ್ಲಿ ಎಳೆದಿದ್ದ ಗಡಿಯ ಮೇಲೆ, ಎಲ್ಲಿಯೂ ಓರೆಯಾಗದಂತೆ, ನಾಲ್ಕೂ ಬದಿ ಕತ್ತರಿಸಿದ. ಎರಡು ಗೇಣಗಲದ ಬಟ್ಟೆ ನೆಲಕ್ಕೆ ಬಿತ್ತು. ಗಂಜಿ ಹಾಕಿದ್ದರಿಂದ ಅದು ಮಡಿಸಿಕೊಳ್ಳದೆ ಹಾಗೆಯೇ ಚಪ್ಪಟೆಯಾಗಿ ಬಿದ್ದಿತು. ಸೊಸೆ ಮುಂದೆ ಬಂದು ಅದನ್ನು ಎತ್ತಿಕೊಂಡಳು. ಯಾರೂ ತಡೆಯಲಿಲ್ಲ, ಬೇಡದ ಚಿಂದಿ ಎಂದುಕೊಂಡರು.

ಈಗ ಊರಿನ ನಡುವೆ ಚೌಕದ ಒಂದು ಕಿಂಡಿ ಇತ್ತು. ಅದರಾಚೆ ಸಭಾಂಗಣದ ಹಿಂದಿನ ಬಾಗಿಲು ಕಾಣುತ್ತಿತ್ತು.

"ಸರಿ," ಎಂದಳು ತಪಾಸಣಾಧಿಕಾರಿ. "ಈಗ ವ್ಯತ್ಯಾಸ ಇಲ್ಲ." ಅವಳು ಪೆನ್ನಿನ ಮುಚ್ಚಳ ತೆಗೆದಳು.

ಗಂಜಿಯಮ್ಮ ಎದ್ದಳು. ಅವಳು ಮುಂದಕ್ಕೆ ಹೋಗಲಿಲ್ಲ. ಗೋಡೆಯ ಬದಿಗೆ ನಡೆದು, ನಕ್ಷೆಯ ಹಿಂದಕ್ಕೆ ಹೋದಳು. ಬಟ್ಟೆಯ ಕೆಳಗೆ ಅವಳ ಬಿರುಕುಬಿಟ್ಟ ಪಾದಗಳು ಮಾತ್ರ ಕಂಡವು. ಆಮೇಲೆ ಕಿಂಡಿಯಲ್ಲಿ ಅವಳ ಮುಖ ಬಂತು. ಆಸ್ಪತ್ರೆ, ಶಾಲೆ, ಮಾರುಕಟ್ಟೆಗಳ ನಡುವೆ, ಕಾಲುವೆಯ ತಿರುವಿನಲ್ಲಿ, ನೆರೆತ ಕೂದಲಿನ ಒಂದು ಮುಖ.

"ಮೇಡಂ, ನಾನು ಇಲ್ಲಿದ್ದೀನಿ. ಬರ್ಕೊಳ್ಳಿ. ಒಂದು."

ತಪಾಸಣಾಧಿಕಾರಿಯ ಪೆನ್ನು ಕಾಗದದ ಮೇಲೆಯೇ ನಿಂತಿತು. ಗಂಜಿಯಮ್ಮ ಪಕ್ಕಕ್ಕೆ ಸರಿದಳು. ಕಿಂಡಿಯಲ್ಲಿ ಕೆಂಡದ ಹೊಗೆಗೆ ಕೆಂಪಾದ ಎರಡು ಕಣ್ಣು ಬಂದವು.

"ಎರಡು," ಎಂದ ಮೈದುನ. "ಸ್ವಲ್ಪ ನೆಟ್ಟಗೆ ನೋಡ್ಕೊಳ್ಳಿ ಮೇಡಂ, ಆಮೇಲೆ ಇಲ್ಲ ಅಂದೀರಾ."

ಸೊಸೆ ಮೂರು ಎಂದಳು. ತಾನು ಬಗ್ಗಿ ಮಗುವನ್ನು ಎತ್ತಿ ಹಿಡಿದು ನಾಲ್ಕು ಎಂದಳು. ಮಗು ಕಿಂಡಿಯ ಅಂಚಿಗೆ ಬಾಯಿ ಹಾಕಿ ಕ್ಲಬ್ಬಿನ ಹಸಿರನ್ನು ಚೀಪಿತು. ಮಾತು ಬಾರದ ಹೆಂಗಸು ಬಂದು ಐದು ಬೆರಳು ತೋರಿಸಿದಳು. ಕೇಳಿದ ಸಂಖ್ಯೆಯನ್ನು ಬರೆದೇ ಇಪ್ಪತ್ತು ವರ್ಷ ಅನ್ನ ತಿಂದವನು ಗುಮಾಸ್ತ. ಅವನ ಕೈ ತಾನಾಗಿ ಹತ್ತಿರದ ಕಾಗದದ ಮೇಲೆ ಒಂದರಿಂದ ಒಂಬತ್ತರವರೆಗೆ ಬರೆದುಬಿಟ್ಟಿತ್ತು. ಅಧ್ಯಕ್ಷರು ಅದನ್ನು ನೋಡಿ ಕಾಗದವನ್ನು ಕಸಿದುಕೊಂಡರು. ಗುಮಾಸ್ತ ಅಂಗೈಯ ಮೇಲೆ ಹತ್ತು ಎಂದು ಬರೆದ.

ಒಳಗೆ ಜಾಗ ಸಾಲದೆ ಹೊರಗೆ ಉಳಿದಿದ್ದ ಕೇರಿಯ ಜನ ಹಿಂದಿನ ಬಾಗಿಲಿನಿಂದ ಸಾಲಾಗಿ ಬರುತ್ತಲೇ ಇದ್ದರು. ಆ ಬಾಗಿಲು ಹಾಕಿ ಎಂದು ಅಧ್ಯಕ್ಷರು ಹೇಳಿದರು. ಹಾಕಲು ಹೋದ ಕಾವಲಿನವನು ಸಾಲಿನಲ್ಲಿ ಸಿಕ್ಕಿಕೊಂಡು, ಹೊರಬರುವ ದಾರಿ ಕಾಣದೆ ಅವನ ಮುಖವೂ ಒಮ್ಮೆ ಕಿಂಡಿಯನ್ನು ಹಾದುಹೋಯಿತು. ತಪಾಸಣಾಧಿಕಾರಿ ಕನ್ನಡಕ ತೆಗೆದು ಒರೆಸಿಕೊಂಡಳು, ಮತ್ತೆ ಹಾಕಿಕೊಂಡಳು. ಸಹಿ ಹಾಕುವ ಜಾಗ ಇನ್ನೂ ಬಿಳಿಯಾಗಿಯೇ ಇತ್ತು. ಅಧ್ಯಕ್ಷರು ಯೋಜನಾಧಿಕಾರಿಯ ಕಡೆ ಮೈ ತಿರುಗಿಸಿ, ಏನಾದರೂ ಮಾಡಯ್ಯ, ಎಂದರು.

ಯೋಜನಾಧಿಕಾರಿಗೆ ಬೇರೇನೂ ತೋಚಲಿಲ್ಲ. ಎರಡೂ ಅಂಗೈಗಳನ್ನು ಜೋಡಿಸಿ ಕಿಂಡಿಗೆ ಅಡ್ಡ ಒತ್ತಿ ಹಿಡಿದ. ಆಚೆಯಿಂದ ಯಾರದೋ ಬೆಚ್ಚಗಿನ ಉಸಿರು ಅವನ ಬೆರಳ ಸಂದಿಯಲ್ಲಿ ತೂರಿ ಬಂತು.

"ಹದಿನೇಳು," ಎಂದಿತು ಆ ಉಸಿರು. "ಕೈ ತೆಗೀರಿ ಸ್ವಾಮಿ, ಹಿಂದೆ ಇನ್ನೂ ಜನ ಇದ್ದಾರೆ."